ಒಂದೇ ಸರ್ವರ್, ಮೂರು ಕಂಟೇನರ್: ದಾಖಲೆ ಬೇರೆಯಾಗಿಡುವುದು ಹೇಗೆ?

ಕೊಲ್ಹಾಪುರದ ಒಂದು ಕಚೇರಿಯಲ್ಲಿ ಲಿನಕ್ಸ್ ಸರ್ವರ್ ಇದೆ ಎಂದುಕೊಳ್ಳಿ. ಅದರಲ್ಲಿ ಮೂರು ಕಂಟೇನರ್‌ಗಳು ಓಡುತ್ತಿವೆ. ಇಚಲಕರಂಜಿಯ ನೂಲಿನ ವ್ಯಾಪಾರಿಯ ಬಿಲ್ಲಿಂಗ್ ಒಂದರಲ್ಲಿ, ಗಡಹಿಂಗ್ಲಜದ ಪತ್ತಿನ ಸಂಸ್ಥೆಯ ಲೆಕ್ಕ ಇನ್ನೊಂದರಲ್ಲಿ, ಕೊಲ್ಹಾಪುರದ ಬೆಲ್ಲದ ಅಡತಿಯ ಖಾತೆ ಮೂರನೆಯದರಲ್ಲಿ. ಸರ್ವರ್ ನೋಡಿಕೊಳ್ಳುವವರು ನೀವು. ಪತ್ತಿನ ಸಂಸ್ಥೆಯ ಲೆಕ್ಕಪರಿಶೋಧಕರು ಬಂದು, "ನಮ್ಮ ಕಂಟೇನರ್‌ನಲ್ಲಿ ನಾವು ಒಪ್ಪಿದ ಪ್ರೋಗ್ರಾಂ ಬಿಟ್ಟು ಬೇರೆ ಏನೂ ಓಡಿಲ್ಲ ಅಂತ ತೋರಿಸ್ರಿ" ಎನ್ನುತ್ತಾರೆ. ಕರ್ನೆಲ್ ಬರೆದಿಟ್ಟ ದಾಖಲೆ ನಿಮ್ಮ ಬಳಿ ಇದೆ. ಆದರೆ ಅದರಲ್ಲಿ ಮೂವರ ಸಾಲುಗಳೂ ಬೆರೆತಿವೆ. ಇಡಿಯಾಗಿ ಕೊಟ್ಟರೆ ಉಳಿದಿಬ್ಬರು ಯಾವ ತಂತ್ರಾಂಶದ ಯಾವ ಆವೃತ್ತಿ ಬಳಸುತ್ತಾರೆ ಎಂಬುದು ಹೊರಗೆ ಹೋಗುತ್ತದೆ. ಬೇಡದ ಸಾಲು ಅಳಿಸಿ ಕೊಟ್ಟರೆ ದಾಖಲೆ ತಾಳೆಯಾಗುವುದಿಲ್ಲ.

ಈ ಪ್ರಶ್ನೆ ಈ ಭಾಗದವರಿಗೆ ದೂರದ್ದಲ್ಲ. 2018ರ ಆಗಸ್ಟ್ 11 ಮತ್ತು 13ರಂದು ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿಗೂ ಹೆಚ್ಚು ಹಣ ಹೋಯಿತು. ನಕಲಿ ಕಾರ್ಡ್ ಹಿಡಿದು ಎಟಿಎಂಗಳಿಂದ ಹಣ ತೆಗೆದ ಊರುಗಳಲ್ಲಿ ಕೊಲ್ಹಾಪುರವೂ ಇತ್ತು. ಆ ವ್ಯವಹಾರಗಳಿಗೆ ಒಪ್ಪಿಗೆ ಕೊಟ್ಟಿದ್ದು ಬ್ಯಾಂಕಿನ ನಿಜವಾದ ಸ್ವಿಚ್ ಅಲ್ಲ, ಮಾಲ್‌ವೇರ್ ಮೂಲಕ ನಡುವೆ ನಿಲ್ಲಿಸಿದ ನಕಲಿ ಸ್ವಿಚ್. 2023ರ ಏಪ್ರಿಲ್‌ನಲ್ಲಿ ಪುಣೆಯ ನ್ಯಾಯಾಲಯ 11 ಮಂದಿಗೆ ಶಿಕ್ಷೆ ವಿಧಿಸಿತು. ಕರ್ನೆಲ್ ಬರೆದಿಡುವ ಇಂಥ ದಾಖಲೆಯೊಂದಿದ್ದರೆ ಆ ಕಳವು ತಪ್ಪುತ್ತಿತ್ತು ಎಂದು ನಾನು ಹೇಳುತ್ತಿಲ್ಲ. "ಈ ಯಂತ್ರದ ಮೇಲೆ ನಿಜವಾಗಿ ಓಡಿದ್ದು ಏನು?" ಎಂಬ ಪ್ರಶ್ನೆಗೆ ಪುರಾವೆಯಿರುವ ಉತ್ತರ ಬೇಕು ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆ ಬೇರೆ ಇಲ್ಲ.

ದಾಖಲೆ ಹುಟ್ಟುವ ಬಗೆ

ಲಿನಕ್ಸ್ ಕರ್ನೆಲ್‌ನಲ್ಲಿ ಇಮಾ ಎಂಬ ಭಾಗವಿದೆ. ಐಬಿಎಂ ಸಂಶೋಧಕರು 2004ರಲ್ಲಿ ಈ ವಿಚಾರ ಮಂಡಿಸಿದರು, 2009ರಲ್ಲಿ 2.6.30 ಆವೃತ್ತಿಯೊಂದಿಗೆ ಅದು ಮುಖ್ಯ ಕರ್ನೆಲ್ ಸೇರಿತು. ಒಂದು ಪ್ರೋಗ್ರಾಂ ಓಡುವ ಮೊದಲು, ಒಂದು ಲೈಬ್ರರಿ ಮೆಮೊರಿಗೆ ಬರುವ ಮೊದಲು, ಇಮಾ ಆ ಕಡತವನ್ನು ಓದಿ ಹ್ಯಾಶ್ ಲೆಕ್ಕ ಹಾಕುತ್ತದೆ. ಇದನ್ನೇ ಅಳತೆ ಎನ್ನುತ್ತಾರೆ. ಹ್ಯಾಶನ್ನೂ ಕಡತದ ಹೆಸರನ್ನೂ ಒಂದು ಸಾಲಾಗಿ ಬರೆಯುತ್ತದೆ. ಅದೇ ಹೊತ್ತಿಗೆ ಮದರ್‌ಬೋರ್ಡಿನ ಟಿಪಿಎಂ ಚಿಪ್‌ಗೂ ಸುದ್ದಿ ಮುಟ್ಟಿಸುತ್ತದೆ. ಟಿಪಿಎಂ ತನ್ನ ಒಳಗಿನ ಒಂದು ಖಾನೆಯಲ್ಲಿ, ಅಂದರೆ ಪಿಸಿಆರ್‌ನಲ್ಲಿದ್ದ ಹಳೆಯ ಬೆಲೆಗೆ ಹೊಸ ಸಾಲಿನ ಹ್ಯಾಶ್ ಜೋಡಿಸಿ, ಎರಡನ್ನೂ ಸೇರಿಸಿ ಮತ್ತೆ ಹ್ಯಾಶ್ ಮಾಡಿ ಇಟ್ಟುಕೊಳ್ಳುತ್ತದೆ. ಇಮಾ ಸಾಮಾನ್ಯವಾಗಿ ಬಳಸುವುದು 10ನೇ ಪಿಸಿಆರ್.

ಹಳೆಯ ಕೀರ್ದಿ ಪುಸ್ತಕದಲ್ಲಿ ಪ್ರತಿ ನಮೂದಿನ ಮುಂದೆ ಅಲ್ಲಿಯವರೆಗಿನ ಶಿಲ್ಕು ಬರೆಯುತ್ತಿದ್ದರಲ್ಲ, ಇದೂ ಹಾಗೆಯೇ. ನಡುವಿನ ಒಂದು ನಮೂದು ಕಿತ್ತರೆ ಕೊನೆಯ ಶಿಲ್ಕು ಕೂಡುವುದಿಲ್ಲ. ಪರಿಶೋಧಕರು ಸಾಲುಗಳನ್ನು ಮೊದಲಿನಿಂದ ಒಂದೊಂದಾಗಿ ಕೂಡಿಸುತ್ತ ಬರುತ್ತಾರೆ. ಕೊನೆಗೆ ಸಿಕ್ಕ ಬೆಲೆ ಟಿಪಿಎಂ ಸಹಿ ಮಾಡಿ ಕೊಟ್ಟ ಬೆಲೆಗೆ ಸರಿಹೊಂದಿದರೆ ಮಾತ್ರ ದಾಖಲೆಯನ್ನು ನಂಬುತ್ತಾರೆ. ಆದ್ದರಿಂದ ಬರೆದಾದ ಮೇಲೆ ಸೋಸುವುದರಿಂದ ಪ್ರಯೋಜನವಿಲ್ಲ. ಬರೆಯುವ ಗಳಿಗೆಯಲ್ಲೇ ಯಾವ ಸಾಲು ಯಾವ ಸರಪಳಿಗೆ ಎಂದು ನಿರ್ಧಾರವಾಗಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಕಂಟೇನರ್ ಬಂದಾಗ ತೊಡಕು ಇನ್ನೂ ಹೆಚ್ಚುತ್ತದೆ. ಕಂಟೇನರ್‌ಗೆ ತನ್ನದೇ ಕರ್ನೆಲ್ ಇಲ್ಲ. ಎಲ್ಲರ ಸಾಲುಗಳೂ ಒಂದೇ ದಾಖಲೆಗೆ ಬೀಳುತ್ತವೆ. ಸಾಲಿನಲ್ಲಿ ಬರುವ ದಾರಿ ಕಂಟೇನರ್ ಒಳಗಿನಿಂದ ಕಂಡ ದಾರಿ. ಯೂಸರ್-ಬಿನ್-ಬ್ಯಾಶ್ ಎಂಬ ಹೆಸರು ಬೇರೆ ಬೇರೆ ಹ್ಯಾಶ್‌ಗಳೊಂದಿಗೆ ನಾಲ್ಕು ಬಾರಿ ಬಂದರೆ, ಯಾವುದು ಆತಿಥೇಯ ಯಂತ್ರದ್ದು, ಯಾವುದು ಯಾರ ಕಂಟೇನರ್‌ನದು ಎಂದು ಹೇಳಲಾಗದು. ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ಅದೇ ದಾರಿ, ಅದೇ ಹ್ಯಾಶ್ ಇರುವ ಸಾಲು ಒಮ್ಮೆ ಬಂದಿದ್ದರೆ ಇಮಾ ಅದನ್ನು ಎರಡನೇ ಬಾರಿ ಬರೆಯುವುದಿಲ್ಲ. ನೂಲಿನ ವ್ಯಾಪಾರಿಯ ಕಂಟೇನರ್‌ನಲ್ಲಿ ಓಡಿದ ಕಡತವೇ ಪತ್ತಿನ ಸಂಸ್ಥೆಯ ಕಂಟೇನರ್‌ನಲ್ಲೂ ಓಡಿದರೆ, ಎರಡನೆಯದರ ಗುರುತೇ ದಾಖಲೆಯಲ್ಲಿ ಇರುವುದಿಲ್ಲ.

ಇರುವ ದಾರಿಗಳು

ಸರಿಯಾದ ಪರಿಹಾರವೆಂದರೆ ಪ್ರತಿ ಕಂಟೇನರ್‌ಗೂ ಪ್ರತ್ಯೇಕ ಇಮಾ ನೇಮ್‌ಸ್ಪೇಸ್. ಮೌಂಟ್, ನೆಟ್‌ವರ್ಕ್, ಯೂಸರ್ ಮುಂತಾದ ಎಂಟು ಬಗೆಯ ನೇಮ್‌ಸ್ಪೇಸ್‌ಗಳು ಲಿನಕ್ಸ್‌ನಲ್ಲಿವೆ. ಆ ಎಂಟರಲ್ಲಿ ಇಮಾ ಇಲ್ಲ. ಪ್ರಯತ್ನಗಳಾಗಿವೆ. 2018ರಲ್ಲಿ ಯುಚಿಯೊಂಗ್ ಸುನ್ ಮತ್ತು ಸಂಗಡಿಗರು ಭದ್ರತಾ ನೇಮ್‌ಸ್ಪೇಸ್ ಬಗ್ಗೆ ಪ್ರಬಂಧ ಮಂಡಿಸಿದರು. 2019ರಲ್ಲಿ ಕಂಟೇನರ್-ಇಮಾ ಎಂಬ ಪ್ರಬಂಧ ಬಂತು. ದಾಖಲೆಯನ್ನು ಕಂಟೇನರ್‌ವಾರು ಒಡೆದು, ಪ್ರತಿಯೊಂದಕ್ಕೂ ತಂತ್ರಾಂಶದಲ್ಲೇ ಒಂದು ಪಿಸಿಆರ್ ಕೊಟ್ಟು, ಅವುಗಳನ್ನು ನಿಜವಾದ ಪಿಸಿಆರ್‌ಗೆ ಕಟ್ಟಿಹಾಕುವ ವಿಧಾನ ಅದರದು. ಐಬಿಎಂನ ಸ್ಟೀಫನ್ ಬರ್ಗರ್ ಇಮಾ ನೇಮ್‌ಸ್ಪೇಸ್‌ನ ಪ್ಯಾಚ್‌ಗಳನ್ನು ಹಲವು ಸುತ್ತು ತಿದ್ದಿ ಕಳಿಸಿದ್ದಾರೆ. ಕಂಟೇನರ್ ಒಳಗಿನ ರೂಟ್ ತನ್ನ ನಿಯಮ ತಾನೇ ಬರೆದುಕೊಂಡು ಆತಿಥೇಯನ ಕಣ್ಣಿನಿಂದ ತಪ್ಪಿಸಿಕೊಳ್ಳಬಾರದು ಎಂಬುದೇ ಇಲ್ಲಿನ ಬಿಗಿ ಗಂಟು. ಪ್ಯಾಚ್ ಹಾಕಿದ ಕರ್ನೆಲ್ ಕಟ್ಟಿ ಕಲಿಯಿರಿ, ಅದು ಒಳ್ಳೆಯದೇ. ಆದರೆ ಠೇವಣಿದಾರರ ಹಣ ನಿಂತಿರುವ ಸರ್ವರ್‌ನಲ್ಲಿ ಅದು ಬೇಡ.

ಎರಡನೆಯದು ಪ್ರತಿ ಗ್ರಾಹಕರಿಗೂ ಸಣ್ಣ ವರ್ಚುವಲ್ ಯಂತ್ರ, ಅದಕ್ಕೊಂದು ವರ್ಚುವಲ್ ಟಿಪಿಎಂ. ಕರ್ನೆಲ್ಲೇ ಬೇರೆಯಾದ್ದರಿಂದ ದಾಖಲೆಯೂ ತಾನಾಗಿ ಬೇರೆಯಾಗುತ್ತದೆ. ಮೆಮೊರಿ ಸಾಕಷ್ಟಿದ್ದರೆ, ಗ್ರಾಹಕರಲ್ಲಿ ಪತ್ತಿನ ಸಂಸ್ಥೆಯಂಥವರು ಇದ್ದರೆ, ನನ್ನ ಮತ ಇದಕ್ಕೇ.

ಮೂರನೆಯದು, ಈಗಿರುವ ಕರ್ನೆಲ್‌ನಲ್ಲೇ ಆಗುವಂಥದ್ದು. ಇಮಾ ನಿಯಮದಲ್ಲಿ ಪಿಸಿಆರ್ ಸಂಖ್ಯೆ ಹೇಳಲು ಬರುತ್ತದೆ. ಒಬ್ಬೊಬ್ಬ ಗ್ರಾಹಕರ ಸಾಲುಗಳನ್ನು ಒಂದೊಂದು ಪಿಸಿಆರ್‌ಗೆ ಕಳಿಸಿದರೆ ಸರಪಳಿಗಳು ಬೇರೆಬೇರೆಯಾಗುತ್ತವೆ. ದಾಖಲೆಯ ಕಡತ ಒಂದೇ ಆಗಿದ್ದರೂ ಪ್ರತಿ ಸಾಲು ಪಿಸಿಆರ್ ಸಂಖ್ಯೆಯಿಂದಲೇ ಶುರುವಾಗುತ್ತದೆ. 12ರ ಸಾಲುಗಳನ್ನಷ್ಟೇ ಆರಿಸಿ ಕೂಡಿಸಿದರೆ 12ನೇ ಪಿಸಿಆರ್‌ಗೆ ಸರಿಯಾಗಿ ತಾಳೆಯಾಗುತ್ತದೆ. ಪುನರಾವರ್ತನೆಯನ್ನು ಪಿಸಿಆರ್‌ವಾರು ನೋಡುವುದರಿಂದ, ಒಬ್ಬರ ಸಾಲು ಇನ್ನೊಬ್ಬರ ಸಾಲನ್ನು ಮುಚ್ಚಿಹಾಕುವ ತೊಡಕೂ ತಪ್ಪುತ್ತದೆ. ಟಿಪಿಎಂನಲ್ಲಿ ಖಾಲಿ ಪಿಸಿಆರ್ ಬೆರಳೆಣಿಕೆಯಷ್ಟೇ ಇರುವುದರಿಂದ ಇದು ಮೂರು-ನಾಲ್ಕು ಗ್ರಾಹಕರಿಗೆ ಸಾಕು, ಮೂವತ್ತು ಗ್ರಾಹಕರಿಗೆ ಆಗದು. ಉಳಿದ ಲೇಖನ ಈ ದಾರಿಯದ್ದು.

ಮಾಡುವ ಕ್ರಮ

ನಿಯಮದ ಪದಗಳನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದೆ; ಕಡತದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

1. ಇರುವುದನ್ನು ನೋಡಿಕೊಳ್ಳಿ. ಸಿಸ್, ಅದರೊಳಗೆ ಕರ್ನೆಲ್, ಸೆಕ್ಯುರಿಟಿ, ಇಮಾ ಎಂಬ ಫೋಲ್ಡರ್ ಇದೆಯೇ? ಟಿಪಿಎಂ 2.0 ಚಿಪ್ ಬಯೋಸ್‌ನಲ್ಲಿ ಚಾಲೂ ಇದೆಯೇ? ಎರಡೂ ಇದ್ದರೆ ಮುಂದೆ ಹೋಗಿ.

2. ಖಾಲಿ ಪಿಸಿಆರ್ ಆರಿಸಿ. ಒಟ್ಟು 24 ಇವೆ, 0ಯಿಂದ 23ರವರೆಗೆ. 0ಯಿಂದ 7 ಫರ್ಮ್‌ವೇರ್‌ಗೆ, 8 ಮತ್ತು 9 ಗ್ರಬ್‌ಗೆ, 10 ಇಮಾಗೆ, 14 ಶಿಮ್‌ಗೆ. 11, 12, 13, 15ನ್ನು ಸಿಸ್ಟಂಡಿ ಬಳಸುವುದುಂಟು, ಮುಖ್ಯವಾಗಿ ಕರ್ನೆಲ್ ಮತ್ತು ಇನಿಟ್‌ಆರ್‌ಡಿ ಒಂದೇ ಕಡತವಾಗಿ ಬೂಟ್ ಆಗುವ ಯಂತ್ರಗಳಲ್ಲಿ. ಮಾಮೂಲಿ ಗ್ರಬ್ ಬೂಟ್ ಇದ್ದರೆ ಅವು ಸಾಮಾನ್ಯವಾಗಿ ಖಾಲಿ. ಊಹೆ ಬೇಡ: ಟಿಪಿಎಂ2-ಟೂಲ್ಸ್‌ನಿಂದ ಓದಿ, ಬೆಲೆ ಪೂರ್ತಿ ಸೊನ್ನೆ ಇದ್ದರೆ ಮಾತ್ರ ಬಳಸಿ. 16 ಮತ್ತು 23 ಖಾಲಿ ಕಂಡರೂ ಮುಟ್ಟಬೇಡಿ. ಯಂತ್ರ ಓಡುತ್ತಿರುವಾಗಲೇ ಅವನ್ನು ಸೊನ್ನೆಗೆ ತರಬಹುದು, ಅಂಥದ್ದು ಪುರಾವೆಯಾಗದು. ನಮ್ಮ ಉದಾಹರಣೆಯಲ್ಲಿ ನೂಲಿನ ವ್ಯಾಪಾರಿಗೆ 11, ಪತ್ತಿನ ಸಂಸ್ಥೆಗೆ 12, ಅಡತಿಗೆ 13.

3. ಗ್ರಾಹಕರನ್ನು ಯುಐಡಿಯಿಂದ ಬೇರೆ ಮಾಡಿ. ಈ ಹೆಜ್ಜೆಯಲ್ಲಿ ಆತುರ ಬೇಡ. ಇಮಾಗೆ ಕಂಟೇನರ್ ಎಂದರೇನೆಂದು ಗೊತ್ತಿಲ್ಲ, ಯುಐಡಿ ಗೊತ್ತು. ಆದ್ದರಿಂದ ಆತಿಥೇಯ ಯಂತ್ರದಲ್ಲಿ ಮೂವರು ಬಳಕೆದಾರರನ್ನು ಮಾಡಿ: 1001, 1002, 1003. ಪ್ರತಿಯೊಬ್ಬರ ಕಂಟೇನರನ್ನೂ ಅವರದೇ ಖಾತೆಯಲ್ಲಿ ರೂಟ್‌ಲೆಸ್ ಪಾಡ್‌ಮನ್‌ನಿಂದ ಓಡಿಸಿ. ಸಬ್‌ಯುಐಡಿ ಕಡತದಲ್ಲಿ ಮೊದಲನೆಯವರಿಗೆ 200000ದಿಂದ, ಎರಡನೆಯವರಿಗೆ 300000ದಿಂದ, ಮೂರನೆಯವರಿಗೆ 400000ದಿಂದ, ತಲಾ 65536 ಸಂಖ್ಯೆ ಕೊಡಿ. ಸಬ್‌ಜಿಐಡಿ ಕಡತದಲ್ಲೂ ಹಾಗೆಯೇ. ಇಲ್ಲಿ ಒಂದು ಸೂಕ್ಷ್ಮವಿದೆ. ಕಂಟೇನರ್ ಒಳಗಿನ ರೂಟ್ ಹೊರಗೆ 200000 ಆಗುವುದಿಲ್ಲ, 1001 ಆಗುತ್ತದೆ. ಒಳಗಿನ 1 ಹೊರಗೆ 200000, ಒಳಗಿನ 500 ಹೊರಗೆ 200499. ಈ ಒಂದು ಸಂಖ್ಯೆಯ ವ್ಯತ್ಯಾಸ ಮರೆತರೆ ನಿಯಮ ಗುರಿ ತಪ್ಪುತ್ತದೆ.

4. ನಿಯಮಗಳನ್ನು ಮೆಟ್ಟಿಲಾಗಿ ಬರೆಯಿರಿ. ಒಂದು ನಿಯಮದಲ್ಲಿ ಯುಐಡಿ ಶರತ್ತನ್ನು ಒಮ್ಮೆ ಮಾತ್ರ ಹಾಕಬಹುದು. "ಇದಕ್ಕಿಂತ ಹೆಚ್ಚು, ಅದಕ್ಕಿಂತ ಕಡಿಮೆ" ಎಂದು ಎರಡೂ ಗಡಿ ಹೇಳಿದರೆ ಕರ್ನೆಲ್ ಒಪ್ಪುವುದಿಲ್ಲ. ಆದರೆ ಮೇಲಿನಿಂದ ಓದುತ್ತ ಮೊದಲು ಹೊಂದಿದ ಅಳತೆ ನಿಯಮವನ್ನೇ ಇಮಾ ಹಿಡಿಯುತ್ತದೆ. ಆ ಗುಣವನ್ನೇ ಬಳಸಿಕೊಳ್ಳಿ. ಮೊದಲ ಸಾಲು: ಯುಐಡಿ 465535ಕ್ಕಿಂತ ಹೆಚ್ಚಿದ್ದರೆ ಅಳೆ, ಪಿಸಿಆರ್ ಹೇಳಬೇಡ (ಅದು 10ಕ್ಕೇ ಹೋಗುತ್ತದೆ). ನಂತರ 399999ಕ್ಕಿಂತ ಹೆಚ್ಚಿದ್ದರೆ 13. ನಂತರ 299999ಕ್ಕಿಂತ ಹೆಚ್ಚಿದ್ದರೆ 12. ನಂತರ 199999ಕ್ಕಿಂತ ಹೆಚ್ಚಿದ್ದರೆ 11. ಅದರ ಕೆಳಗೆ 1001, 1002, 1003ಕ್ಕೆ ಒಂದೊಂದು ಸಾಲು, ಕ್ರಮವಾಗಿ 11, 12, 13. ಕೊನೆಗೆ ಉಳಿದೆಲ್ಲಕ್ಕೂ ಸಾಮಾನ್ಯ ನಿಯಮ. ಪ್ರತಿಯೊಂದನ್ನೂ ಎರಡು ಬಾರಿ ಬರೆಯಬೇಕು: ಪ್ರೋಗ್ರಾಂ ಓಡಿಸುವುದಕ್ಕೆ ಬಿಪಿಆರ್‌ಎಂ-ಚೆಕ್, ಲೈಬ್ರರಿಗಳಿಗೆ ಫೈಲ್-ಎಂಮ್ಯಾಪ್.

5. ಸ್ಕ್ರಿಪ್ಟ್‌ಗಳನ್ನು ಮರೆಯಬೇಡಿ. ನಿಮ್ಮ ಲೆಕ್ಕದ ತಂತ್ರಾಂಶ ಪಿಎಚ್‌ಪಿ ಅಥವಾ ಪೈಥಾನ್‌ನಲ್ಲಿದ್ದರೆ ಮೇಲಿನ ನಿಯಮಗಳು ಅಳೆಯುವುದು ಇಂಟರ್‌ಪ್ರಿಟರನ್ನು ಮಾತ್ರ. ಬಡ್ಡಿ ಲೆಕ್ಕ ಹಾಕುವ ನಿಜವಾದ ಕೋಡ್ ಬರೀ ಓದುವ ಕಡತ. ಅದನ್ನು ಯಾರು ತಿದ್ದಿದರೂ ದಾಖಲೆಯಲ್ಲಿ ಕಾಣದು. ಉಪಾಯವೆಂದರೆ, ಇಮೇಜ್ ಕಟ್ಟುವಾಗ ಕೋಡ್ ಕಡತಗಳ ಒಡೆತನವನ್ನು ಬೇರಾವುದಕ್ಕೂ ಬಳಸದ ಯುಐಡಿಗೆ ಕೊಡುವುದು. ಒಳಗೆ 500 ಎಂದುಕೊಳ್ಳೋಣ. ಆಗ ಪತ್ತಿನ ಸಂಸ್ಥೆಗೆ ಹೊರಗಿನ ಸಂಖ್ಯೆ 300499. ಫೈಲ್-ಚೆಕ್ ಬಗೆಯಲ್ಲಿ, ಓದುವಾಗ, ಎಫ್‌ಓನರ್ 300499 ಇದ್ದರೆ ಅಳೆದು 12ಕ್ಕೆ ಹಾಕು ಎಂದು ನಿಯಮ ಬರೆಯಿರಿ. ಸ್ಕ್ರಿಪ್ಟ್‌ನ ಮೇಲೆ ನಡೆಯುವ ವ್ಯವಸ್ಥೆಗೆ ಈ ಹೆಜ್ಜೆ ಬಿಟ್ಟರೆ ಉಳಿದುದಕ್ಕೆ ಅರ್ಥವಿಲ್ಲ.

6. ಲೋಡ್ ಮಾಡಿ. ಎಟ್ಸಿ ಫೋಲ್ಡರಿನ ಇಮಾ ಒಳಗೆ ಇಮಾ-ಪಾಲಿಸಿ ಎಂಬ ಹೆಸರಿನಲ್ಲಿ ನಿಯಮ ಇಟ್ಟರೆ ಬೂಟ್ ಆಗುವಾಗ ಸಿಸ್ಟಂಡಿ ತಾನೇ ಕರ್ನೆಲ್‌ಗೆ ಕೊಡುತ್ತದೆ. ಅದಕ್ಕೂ ಮೊದಲ ಕ್ಷಣಗಳು ಅಳತೆಯಿಲ್ಲದೆ ಹೋಗದಂತೆ ಬೂಟ್ ಆಯ್ಕೆಯಲ್ಲಿ ಇಮಾ ಪಾಲಿಸಿ ಟಿಸಿಬಿ ಎಂದು ಹಾಕಿ. ನಿಮ್ಮ ನಿಯಮ ಬಂದೊಡನೆ ಆ ಮೂಲ ನಿಯಮಗಳು ಜಾಗ ಬಿಡುತ್ತವೆ. ಆದ್ದರಿಂದ ಪ್ರಾಕ್, ಸಿಸ್‌ಎಫ್‌ಎಸ್, ಸಿಗ್ರೂಪ್ ಮುಂತಾದ ಕೃತಕ ಫೈಲ್‌ವ್ಯವಸ್ಥೆಗಳನ್ನು ಅಳೆಯಬೇಡ ಎನ್ನುವ ಡೋಂಟ್-ಮೆಷರ್ ಸಾಲುಗಳನ್ನು ನಿಮ್ಮ ಕಡತದ ತಲೆಗೇ ನಕಲು ಮಾಡಿಕೊಳ್ಳಿ.

7. ಪರೀಕ್ಷಿಸಿ. ಪತ್ತಿನ ಸಂಸ್ಥೆಯ ಕಂಟೇನರ್‌ನಲ್ಲಿ ಒಂದು ಹೊಸ ಸಣ್ಣ ಪ್ರೋಗ್ರಾಂ ಓಡಿಸಿ. ಅದರ ಸಾಲು 12ರಲ್ಲಿ ಬಂದು, 10, 11, 13ರಲ್ಲಿ ಬರಬಾರದು. ಅದನ್ನೇ ಕಂಟೇನರ್ ಒಳಗೆ ರೂಟ್ ಆಗಿ ಒಮ್ಮೆ, ಸಾಮಾನ್ಯ ಬಳಕೆದಾರನಾಗಿ ಒಮ್ಮೆ ಮಾಡಿ. ಎರಡನೇ ಬಾರಿ ಪ್ರೋಗ್ರಾಂ ಬದಲಿಸಿ, ಇಲ್ಲವಾದರೆ ಹೊಸ ಸಾಲೇ ಬರುವುದಿಲ್ಲ. ಪಾಡ್‌ಮನ್ ಮತ್ತು ಅದರ ಸಹಾಯಕ ಪ್ರೋಗ್ರಾಂಗಳೂ 12ರಲ್ಲಿ ಕಾಣುತ್ತವೆ. ಗಾಬರಿ ಬೇಡ, ಅವು 1002ರ ಖಾತೆಯಲ್ಲೇ ಓಡುತ್ತವಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

"ಅವರ ದಾಖಲೆ ಅವರೇ ನೋಡಲಿ" ಎಂದು ಸೆಕ್ಯುರಿಟಿ ಫೋಲ್ಡರನ್ನು ಕಂಟೇನರ್ ಒಳಗೆ ಮೌಂಟ್ ಮಾಡಿಕೊಡುವುದು ದೊಡ್ಡ ತಪ್ಪು. ಅಲ್ಲಿರುವುದು ಇಡೀ ಯಂತ್ರದ ದಾಖಲೆ. ನಾವು ತಪ್ಪಿಸಲು ಹೊರಟಿದ್ದನ್ನೇ ಕೈಯಾರೆ ಮಾಡಿದಂತಾಗುತ್ತದೆ. ಆರಿಸುವ ಕೆಲಸ ಆತಿಥೇಯ ಯಂತ್ರದಲ್ಲೇ ನಡೆದು, ಫಲಿತಾಂಶ ಮಾತ್ರ ಹೊರಗೆ ಹೋಗಬೇಕು.

ಟಿಸಿಬಿ ನಿಯಮದಲ್ಲಿರುವಂತೆ ರೂಟ್ ಓದುವ ಪ್ರತಿ ಕಡತವನ್ನೂ ಅಳೆಯಲು ಬಿಡುವುದು ಇನ್ನೊಂದು. ದಿನವೂ ಬದಲಾಗುವ ಲಾಗ್‌ಗಳು, ಡೇಟಾಬೇಸ್ ಕಡತಗಳು ಎಲ್ಲ ಸಾಲಾಗಿ ಸೇರುತ್ತವೆ. ಬರೆಯಲು ತೆರೆದಿಟ್ಟ ಕಡತವನ್ನು ಅಳೆಯಹೋದರೆ ಇಮಾ ಅದನ್ನು ಉಲ್ಲಂಘನೆ ಎಂದು ನಮೂದಿಸುತ್ತದೆ. ಇಲ್ಲಿ ತಾಳೆ ನೋಡುವವರು ಎಡವುತ್ತಾರೆ: ಉಲ್ಲಂಘನೆಯ ಸಾಲಿನಲ್ಲಿ ಹ್ಯಾಶ್ ಜಾಗದಲ್ಲಿ ಸೊನ್ನೆಗಳು ಕಾಣುತ್ತವೆ, ಆದರೆ ಪಿಸಿಆರ್‌ಗೆ ಸೇರುವುದು ಎಲ್ಲ ಬಿಟ್‌ಗಳೂ 1 ಆಗಿರುವ ಬೆಲೆ. ಕಂಡ ಸೊನ್ನೆಯನ್ನೇ ಕೂಡಿಸಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪುತ್ತದೆ.

ಹ್ಯಾಶ್ ಬಗೆಯ ಗೊಂದಲವೂ ಇದೆ. ಅಕ್ಷರರೂಪದ ಮಾಮೂಲಿ ದಾಖಲೆಯ ಎರಡನೇ ಕಾಲಂ ಎಸ್‌ಎಚ್‌ಎ-1. ಟಿಪಿಎಂನ ಎಸ್‌ಎಚ್‌ಎ-256 ಬೆಲೆಗೆ ತಾಳೆ ನೋಡಲು ಅದನ್ನು ಕೂಡಿಸಬಾರದು. ಸಾಲಿನ ಮೂಲ ಮಾಹಿತಿಯಿಂದ ಎಸ್‌ಎಚ್‌ಎ-256 ಹೊಸದಾಗಿ ಲೆಕ್ಕ ಹಾಕಬೇಕು. ಕರ್ನೆಲ್ 6.10ರಿಂದ ಪ್ರತಿ ಹ್ಯಾಶ್ ಬಗೆಗೂ ಪ್ರತ್ಯೇಕ ದಾಖಲೆ ಕಡತ ಸಿಗುವುದರಿಂದ ಈ ಕೆಲಸ ಹಗುರಾಗಿದೆ.

ಎಚ್ಚರಿಕೆಗಳು

ದಾಖಲೆ ಕರ್ನೆಲ್‌ನ ಮೆಮೊರಿಯಲ್ಲಿರುತ್ತದೆ, ಬೆಳೆಯುತ್ತಲೇ ಹೋಗುತ್ತದೆ. ಕಂಟೇನರ್ ಅಳಿಸಿದರೂ ಅದರ ಸಾಲು ಅಳಿಯದು. ದುರುದ್ದೇಶದ ಗ್ರಾಹಕನೊಬ್ಬ ಕ್ಷಣಕ್ಕೊಂದು ಹೊಸ ಕಡತ ಮಾಡಿ ಓಡಿಸುತ್ತ ಇಡೀ ಸರ್ವರ್‌ನ ಮೆಮೊರಿ ತಿನ್ನಬಲ್ಲ. ಇಮಾ ಫೋಲ್ಡರಿನ ರನ್‌ಟೈಮ್-ಮೆಷರ್‌ಮೆಂಟ್ಸ್-ಕೌಂಟ್ ಎಂಬ ಕಡತದಲ್ಲಿ ಸಾಲುಗಳ ಲೆಕ್ಕ ಸಿಗುತ್ತದೆ. ಅದು ದಿಢೀರನೆ ಏರಿದರೆ ಎಚ್ಚರಿಕೆ ಬರುವಂತೆ ನಿಗಾ ವ್ಯವಸ್ಥೆಗೆ ಸೇರಿಸಿ.

ರೂಟ್‌ಲೆಸ್ ಪಾಡ್‌ಮನ್ ಯಾವ ಓವರ್‌ಲೇ ಬಳಸುತ್ತಿದೆ ನೋಡಿ. ಫ್ಯೂಸ್-ಓವರ್‌ಲೇ ಇದ್ದರೆ ಕಡತ ಕೊಡುವುದು ಬಳಕೆದಾರನ ಖಾತೆಯಲ್ಲೇ ಓಡುವ ಒಂದು ಪ್ರೋಗ್ರಾಂ. ಅಳೆಯುವಾಗ ಒಂದು, ಓಡಿಸುವಾಗ ಇನ್ನೊಂದು ಕೊಡುವುದು ಅದಕ್ಕೆ ಸಾಧ್ಯ. 5.11 ಅಥವಾ ನಂತರದ ಕರ್ನೆಲ್ ಹಾಕಿ, ಕರ್ನೆಲ್‌ನದೇ ಓವರ್‌ಲೇ ಬಳಸಿ.

ಅಳತೆ ಏನನ್ನೂ ತಡೆಯುವುದಿಲ್ಲ, ಬರೆದಿಡುತ್ತದೆ ಅಷ್ಟೆ. ತಡೆಯುವುದಕ್ಕೆ ಅಪ್ರೈಸಲ್ ಎಂಬ ಇನ್ನೊಂದು ವಿಧಾನವಿದೆ, 2012ರಲ್ಲಿ ಬಂದ 3.7ರಿಂದ. ಕರ್ನೆಲ್ಲೇ ಕೈತಪ್ಪಿದರೆ ಮೂರೂ ಸರಪಳಿಗಳಿಗೆ ಬೆಲೆಯಿಲ್ಲ. ಸೆಕ್ಯೂರ್ ಬೂಟ್ ಚಾಲೂ ಇರಲಿ.

ಪರಿಶೋಧಕರಿಗೆ ಕೊಡುವಾಗ

ಅವರು ಕಳಿಸಿದ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಸೇರಿಸಿ ಟಿಪಿಎಂನಿಂದ ಸಹಿಯಾದ ಹೇಳಿಕೆ ಪಡೆಯಿರಿ. ಹಳೆಯ ಹೇಳಿಕೆಯನ್ನೇ ಮತ್ತೆ ಕೊಟ್ಟಿಲ್ಲ ಎಂಬುದಕ್ಕೆ ಅದೇ ಆಧಾರ. ಹೇಳಿಕೆಯಲ್ಲಿ 0ಯಿಂದ 10ರವರೆಗಿನ ಪಿಸಿಆರ್‌ಗಳೂ 12ನೆಯದೂ ಇರಲಿ. 10 ಯಾಕೆಂದರೆ, ಕೆಳಗಿನ ಯಂತ್ರ ಸರಿಯಿದೆ ಎಂದು ಗೊತ್ತಾಗದೆ ಕಂಟೇನರ್‌ನ ಮಾತಿಗೆ ಆಧಾರವಿಲ್ಲ. 10ರಲ್ಲಿ ಈಗ ಬೇರೆ ಗ್ರಾಹಕರ ಸಾಲುಗಳಿಲ್ಲದ್ದರಿಂದ ಅದನ್ನು ಕೊಡಲು ಹಿಂಜರಿಕೆ ಬೇಕಿಲ್ಲ. ನಿಯಮಗಳ ಪ್ರತಿಯನ್ನೂ ಜೊತೆಗೆ ಕೊಡಿ, ಯಾವುದನ್ನು ಅಳೆದಿಲ್ಲ ಎಂಬುದೂ ಅವರಿಗೆ ತಿಳಿಯಬೇಕು. ಸಹಿಯಾದ ಹೇಳಿಕೆಯನ್ನು ಮೊದಲು ಪಡೆದು, ದಾಖಲೆಯನ್ನು ಆಮೇಲೆ ನಕಲು ಮಾಡಿ. ಉಲ್ಟಾ ಮಾಡಿದರೆ ನಡುವೆ ಓಡಿದ ಪ್ರೋಗ್ರಾಂಗಳ ಸಾಲು ದಾಖಲೆಯಲ್ಲಿ ಇರದೆ ತಾಳೆ ತಪ್ಪುತ್ತದೆ. ಈ ಕ್ರಮದಲ್ಲಿ ಕೊನೆಗೆ ಕೆಲವು ಸಾಲು ಹೆಚ್ಚಿಗೆ ಇರಬಹುದು. ಸಹಿಯಾದ ಬೆಲೆ ಸಿಕ್ಕ ಸಾಲಿನವರೆಗೆ ಕೂಡಿಸಿ, ನಂತರದ ಸಾಲುಗಳನ್ನು ಮುಂದಿನ ತಪಾಸಣೆಗೆ ಬಿಡಬೇಕೆಂದು ಅವರಿಗೆ ಮೊದಲೇ ಹೇಳಿಡಿ. ಸರ್ವರ್ ರೀಬೂಟ್ ಆದರೆ ದಾಖಲೆಯೂ ಪಿಸಿಆರ್‌ಗಳೂ ಹೊಸದಾಗಿ ಶುರುವಾಗುತ್ತವೆ. ಹಾಗಾಗಿ ರೀಬೂಟ್‌ಗೆ ಮುಂಚೆ ಪ್ರತಿ ಗ್ರಾಹಕರ ಸಾಲುಗಳನ್ನೂ ಆ ಹೊತ್ತಿನ ಸಹಿಯಾದ ಹೇಳಿಕೆಯನ್ನೂ ಒಟ್ಟಿಗೆ ಬೇರೆ ಯಂತ್ರದಲ್ಲಿ ತೆಗೆದಿಡಿ.